ಪಕ್ಕದ ಹಿತ್ತಲಿನ ನಾಲ್ಕು ಗಿಡ

ಅವ್ವ ಸುರಪುರದಿಂದ ಕೆನಡಾದ ಬ್ರ್ಯಾಂಪ್ಟನ್‌ಗೆ ಬಂದ ಎರಡನೇ ಸಂಜೆ. ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆವು. ಗಾಳಿ ನಮ್ಮ ಕಡೆ ತಿರುಗಿತು. ಕೇಳುವ ಮೊದಲೇ ನಾನು, "ಇಲ್ಲಿ ಸ್ಕಂಕ್ ಅಂತ ಒಂದು ಪ್ರಾಣಿ ಅದಬೇ, ಅದರ ವಾಸನಿ" ಅಂದೆ. ಅವ್ವ ಒಮ್ಮೆ ಮೂಗೆಳೆದಳು. "ಪ್ರಾಣಿ ಅಲ್ಲೋ ತಮ್ಮಾ, ಭಂಗಿ. ತಿಂಥಣಿ ಜಾತ್ರಿ ಮರ್ತಿಯೇನು?"

ನಮ್ಮ ಕಡೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಭಂಗಿಯನ್ನೇ, ಅಂದರೆ ಗಾಂಜಾವನ್ನೇ, ಪ್ರಸಾದವಾಗಿ ಕೊಡುವ ವಾಡಿಕೆ ಇದೆ. ಅಲ್ಲಿ ಬೆಳೆದವಳಿಗೆ ಕೆನಡಾದ ಪ್ರಾಣಿಯ ಕಥೆ ಹೇಳಹೊರಟಿದ್ದೆ!

ಇಲ್ಲಿ ಗಾಂಜಾ ಕಾನೂನುಬದ್ಧವಾದದ್ದು 2018ರ ಅಕ್ಟೋಬರ್ 17ರಂದು. ಇಡೀ ದೇಶದ ಮಟ್ಟದಲ್ಲಿ ಇದಕ್ಕೆ ಮೊದಲು ಒಪ್ಪಿದ್ದು ಉರುಗ್ವೆ, ಆಮೇಲೆ ಕೆನಡಾ. ಮಕ್ಕಳ ಕೈಗೆ ಸಿಗದಿರಲಿ, ಕಾಳದಂಧೆಯವರಿಗೆ ದುಡ್ಡು ಹೋಗದಿರಲಿ ಎಂಬುದು ಆಗಿನ ಪ್ರಧಾನಿ ಟ್ರೂಡೊ ಸರ್ಕಾರದ ವಾದ. ಆಗ ನಮ್ಮ ಕನ್ನಡ ಮಂದಿಯ ಊಟದ ಮನೆಗಳಲ್ಲಿ ಎಂಥ ಜಗಳ! "ಹುಡುಗರು ಹಾಳಾಗಿ ಹೋಗ್ತಾರ್ರೀ" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವರ ಕೈಯಲ್ಲಿ ಮೂರನೇ ಪೆಗ್ ವಿಸ್ಕಿ ಇತ್ತು.

ನಾನೂ ಹೆದರಿದವನೇ. ಪಕ್ಕದ ಮಿಸಿಸಾಗ ನಗರ 2023ರವರೆಗೂ ಗಾಂಜಾ ಅಂಗಡಿಗಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ನಮ್ಮ ಬ್ರ್ಯಾಂಪ್ಟನ್ ಮೊದಲೇ ಹೂಂ ಅಂದಿತ್ತು. ಈಗ ನಾನು ತೊಗರಿ ಬೇಳೆ ತರುವ ಕಿರಾಣಿ ಅಂಗಡಿಯ ಸಾಲಿನಲ್ಲೇ ಒಂದಿದೆ. 19 ತುಂಬದವರಿಗೆ ಪ್ರವೇಶವಿಲ್ಲ. ಪೊಟ್ಟಣದ ಮೇಲೆ ಕೆಂಪು ಗುರುತು, ಎಚ್ಚರಿಕೆಯ ಸಾಲು. ಮಕ್ಕಳಿಗೆ ಬಿಚ್ಚಲು ಬಾರದ ಮುಚ್ಚಳ ನನಗೂ ಬರಲಿಕ್ಕಿಲ್ಲ. ಔಷಧಿ ಅಂಗಡಿಯಷ್ಟೇ ಬೇಸರದ ಜಾಗ. ಆ ಬೇಸರವೇ ಈ ಕಾನೂನಿನ ಒಳ್ಳೆಯ ಗುಣ ಅಂತ ನನಗೀಗ ಅನ್ನಿಸುತ್ತದೆ. ಕದ್ದು ಸೇದುವುದರಲ್ಲಿದ್ದ ಗತ್ತು ಹೊರಟುಹೋಯಿತು. ವಾಸನೆ ಮಾತ್ರ ಹೋಗಿಲ್ಲ, ಬೇಸಿಗೆಯಲ್ಲಿ ಕಿಟಕಿ ತೆರೆಯುವ ಹಾಗಿಲ್ಲ.

ಆದರೆ ಊರಿನಿಂದ ಹೊಸದಾಗಿ ಬರುವ ಹುಡುಗರಿಗೆ ನಾನು ಹೇಳುವ ಮಾತೇ ಬೇರೆ. ಕಾನೂನು ಸಡಿಲವಾದ ವರ್ಷವೇ ಇನ್ನೊಂದು ಕಡೆ ಬಿಗಿಯಾಯಿತು. ನಶೆಯಲ್ಲಿ ಗಾಡಿ ಓಡಿಸಿದರೆ ಇದ್ದ 5 ವರ್ಷದ ಗರಿಷ್ಠ ಶಿಕ್ಷೆ ಡಿಸೆಂಬರ್ 18ರಿಂದ 10 ವರ್ಷವಾಯಿತು. 10 ವರ್ಷದ ಶಿಕ್ಷೆಗೆ ಒಳಪಡಬಹುದಾದ ಅಪರಾಧವೆಂದರೆ ವಲಸೆ ಕಾನೂನಿನಲ್ಲಿ ಗಂಭೀರ ಅಪರಾಧ. ಕೋರ್ಟು ಬರೀ ದಂಡ ಹಾಕಿ ಬಿಟ್ಟರೂ ಪಿಆರ್, ಅಂದರೆ ಇಲ್ಲಿ ಕಾಯಂ ಆಗಿ ಇರುವ ಹಕ್ಕು, ಕೈತಪ್ಪಬಹುದು. ಅದೇ ತಪ್ಪಿಗೆ ಇಲ್ಲೇ ಹುಟ್ಟಿದವನು ದಂಡ ಕಟ್ಟಿ ಮನೆಗೆ ಹೋಗುತ್ತಾನೆ. ನಯಾಗರಾ ಸೇತುವೆ ದಾಟಿ ಅಮೆರಿಕಕ್ಕೆ ಹೋಗುವಾಗಲೂ ಅಷ್ಟೇ, ಕಾರಿನಲ್ಲಿ ಒಂದು ಗ್ರಾಂ ಉಳಿದಿದ್ದರೂ ಗತಿ ಕೆಟ್ಟಿತು. ನ್ಯೂಯಾರ್ಕ್ ರಾಜ್ಯದಲ್ಲಿ ಅದು ಮಾರಾಟಕ್ಕಿದ್ದರೂ ಗಡಿ ಇರುವುದು ಫೆಡರಲ್ ಸರ್ಕಾರದ ಕೈಯಲ್ಲಿ.

ಇದನ್ನೆಲ್ಲ ಅವ್ವನಿಗೆ ಬಿಡಿಸಿ ಹೇಳಿದೆ. ಅವಳ ಗಮನ ಬೇಲಿಯಾಚೆ ಇತ್ತು. ಪಕ್ಕದ ಮನೆಯ ಅಜ್ಜಿ ಟೊಮೆಟೊ ಪಕ್ಕದಲ್ಲಿ ನಾಲ್ಕು ಗಾಂಜಾ ಗಿಡ ಹಚ್ಚಿದ್ದಾಳೆ.

"ನಾಕೇ ಯಾಕ?"

"ಮನಿಗೆ ನಾಕೇ ಅಂತ ಕಾಯ್ದೆ."

"ನಮ್ಮಲ್ಲಿ ತೊಗರಿ ಹೊಲದಾಗ ಹಚ್ಚಿದ್ರ ಪೊಲೀಸ್ರು ಕಿತ್ಕೊಂಡು, ಹಚ್ಚಿದವನ್ನೂ ಜೀಪಿಗೆ ಹಾಕ್ಕೊಂಡು ಹೋಗ್ತಾರ."

ನಿಜ, ನಮ್ಮ ದೇಶದ 1985ರ ಮಾದಕವಸ್ತು ಕಾಯ್ದೆಯಲ್ಲಿ ಗಿಡ ಬೆಳೆದವನಿಗೂ 10 ವರ್ಷದವರೆಗೆ ಜೈಲುಂಟು. ಬರೀ ಎಲೆಗೆ ಆ ಕಾಯ್ದೆಯೇ ವಿನಾಯಿತಿ ಕೊಟ್ಟದ್ದರಿಂದ ಉತ್ತರದಲ್ಲಿ ಭಾಂಗ್ ಅಂಗಡಿಗಳು ನಡೆಯುತ್ತವೆ. ಹೂವಿನ ತುದಿ ಸೇರಿದರೆ ಅಪರಾಧ.

ಅವ್ವ ಎದ್ದು ಬೇಲಿಯ ಹತ್ತಿರ ಹೋದಳು. ಬಗ್ಗಿ ಗಿಡ ನೋಡಿದಳು.

"ನೀರು ಭಾಳ ಆಗ್ಯಾದ. ಎಲಿ ಹಳದಿ ಬಿದ್ದಾವ ನೋಡು. ಆ ಅಜ್ಜಿಗೆ ಹೇಳಪಾ, ಇಂಗ್ಲೀಷ್ನ್ಯಾಗ."