ರಕ್ತ ಮರಳಿ ಬಂದ ಮೇಲೆ

14 ನವೆಂಬರ್ 2024, ಗುರುವಾರ, ರಾತ್ರಿ

ಸೂಕ್ಷ್ಮದರ್ಶಕದಡಿ ಮೊದಲ ಸ್ಲೈಡಿನಲ್ಲಿ ಕತ್ತಲೆ ಬಿಟ್ಟರೆ ಏನೂ ಕಾಣಲಿಲ್ಲ. ನರಗಳ ಆಸರೆ ಕೋಶಗಳಲ್ಲಿರುವ ಜಿಎಫ್‌ಎಪಿ ಎಂಬ ಪ್ರೋಟೀನನ್ನು ಹಿಡಿದು ಹಸಿರಾಗಿ ತೋರಿಸುವ ಪ್ರತಿಕಾಯವನ್ನು ಅದಕ್ಕೆ ಹಾಕುವುದನ್ನೇ ನಿನ್ನೆ ಮರೆತಿದ್ದೆ. ಹೇಗೂ ಹೋಲಿಕೆಗೆ ಒಂದು ಕಂಟ್ರೋಲ್ ಸ್ಲೈಡ್ ಬೇಕಿತ್ತಲ್ಲ ಎಂದು ಸಮಾಧಾನಪಟ್ಟುಕೊಂಡೆ.

ಎರಡನೆಯದು ಇಲಿಯ ಆರೋಗ್ಯವಂತ ಕಣ್ಣು. ಅಕ್ಷಿಪಟದ ಒಳ ಅಂಚಿನಲ್ಲಷ್ಟೇ ತೆಳ್ಳನೆಯ ಹಸಿರು ಗೆರೆ, ಅದು ಆಸ್ಟ್ರೋಸೈಟ್ ಎಂಬ ಆಸರೆ ಕೋಶಗಳದು. ಮೂರನೆಯದು ಒಂದು ಗಂಟೆ ರಕ್ತ ತಡೆದು, ಮತ್ತೆ ಹರಿಯಬಿಟ್ಟು, ಮೂರು ದಿನದ ಮೇಲೆ ತೆಗೆದ ಕಣ್ಣು. ಒಳ ಅಂಚಿನಿಂದ ಹೊರಪದರದತ್ತ ಹಸಿರು ಎಳೆಗಳು ಮಗ್ಗದ ಹಾಸಿನಂತೆ ಸಾಲಾಗಿ ನಿಂತಿದ್ದವು. 1851ರಲ್ಲಿ ಹೈನ್ರಿಕ್ ಮುಲ್ಲರ್ ವರ್ಣಿಸಿದ, ಅಕ್ಷಿಪಟಕ್ಕೆ ಆಸರೆಯಾದ ಕೋಶಗಳು ಇವೇ. ಆರೋಗ್ಯವಂತ ಕಣ್ಣಿನಲ್ಲೂ ಇವು ಹೀಗೇ ನಿಂತಿರುತ್ತವೆ. ಆಗ ಈ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ರಕ್ತ ತಡೆಯುವ ಉಪಾಯ ಸರಳ. ಕಣ್ಣಿನ ಮುಂಕೋಣೆಗೆ ಸೂಜಿ ಚುಚ್ಚಿ, ಅದಕ್ಕೆ ಜೋಡಿಸಿದ ಸಲೈನ್ ಬಾಟಲಿಯನ್ನು 150 ಸೆಂಟಿಮೀಟರ್ ಎತ್ತರಕ್ಕೆ ತೂಗುಹಾಕಿದರೆ ಒತ್ತಡ ಸುಮಾರು 110 ಮಿಲಿಮೀಟರ್ ಪಾದರಸಕ್ಕೆ ಏರುತ್ತದೆ. ಕಣ್ಣಿನ ಕೆಂಪು ಬಿಳಿಚಿಕೊಳ್ಳುತ್ತದೆ. ಬಾಟಲಿ ಇಳಿಸಿದರೆ ಕೆಂಪು ಮರಳುತ್ತದೆ. ಕೋತಿಗಳಲ್ಲಿ ಅಕ್ಷಿಪಟದ ಕೇಂದ್ರ ಅಪಧಮನಿಯನ್ನಷ್ಟೇ ಅದುಮಿ ನೋಡಿದ ಕಣ್ಣಿನ ತಜ್ಞ ಸೋಹನ್ ಸಿಂಗ್ ಹೈರೆ ಅವರಿಗೆ 97 ನಿಮಿಷದವರೆಗೂ ಹಾನಿ ಕಾಣಿಸಿರಲಿಲ್ಲ. ನಮ್ಮ ಇಲಿಗೆ ಒಂದು ಗಂಟೆಯೇ ಹೆಚ್ಚಾಯಿತು. ಏಕೆಂದರೆ ಒತ್ತಡ ಏರಿಸಿದಾಗ ಅಕ್ಷಿಪಟದ ಹಿಂಬದಿಯ ಕೋರಾಯ್ಡ್ ಎಂಬ ರಕ್ತನಾಳಗಳ ಪದರದ ರಕ್ತವೂ ನಿಲ್ಲುತ್ತದೆ, ನರತಂತುಗಳೂ ನಲುಗುತ್ತವೆ.

ಕೆಂಪು ಮರಳಿದ ಕ್ಷಣ ಮೊದಮೊದಲು ನನಗೆ ಹಾಯೆನಿಸುತ್ತಿತ್ತು. ಈಗ ಹಾಗನಿಸುವುದಿಲ್ಲ. ಆಮ್ಲಜನಕವಿಲ್ಲದೆಯೂ ಗ್ಲೂಕೋಸ್ ಒಡೆದು ಬದುಕುವ ಮುಲ್ಲರ್ ಕೋಶಗಳು ಉಳಿದುಕೊಳ್ಳುತ್ತವೆ, ನರಕೋಶಗಳು ಸಾಯುತ್ತವೆ. ಆದರೆ ಉಳಿದವು ಹಳೆಯ ಕೆಲಸವನ್ನು ಹಳೆಯಂತೆ ಮಾಡುವುದಿಲ್ಲ. ನರಕೋಶಗಳು ಹೊರಚೆಲ್ಲಿದ ಪೊಟ್ಯಾಸಿಯಮ್ಮನ್ನು ಹೀರಿ ರಕ್ತನಾಳದ ಬಳಿ ಬಿಡುವುದು ಇವುಗಳ ಕಾಯಕ, ಅದಕ್ಕೆಂದು ಕೋಶದ ಪೊರೆಯಲ್ಲಿರುವ ಕಿರ್4.1 ಎಂಬ ಪ್ರೋಟೀನಿನ ಬಾಗಿಲು ರಕ್ತ ಮರಳಿದ ನಂತರದ ದಿನಗಳಲ್ಲಿ ವಿರಳವಾಗುತ್ತದೆ. ಪೊಟ್ಯಾಸಿಯಮ್ ಒಳಗೇ ಉಳಿಯುತ್ತದೆ, ಅದರ ಹಿಂದೆ ನೀರು ಬರುತ್ತದೆ, ಕೋಶ ಊದುತ್ತದೆ.

ಸಂಜೆ ವರದಿಯಲ್ಲಿ ಹಸಿರು ಎಳೆಗಳನ್ನು ‘ಗಾಯದ ಕಲೆ’ ಎಂದು ಬರೆದು ಹೊಡೆದುಹಾಕಿದೆ. ಕೋಶ ಎಚ್ಚೆತ್ತಿದೆ ಎಂಬುದಷ್ಟೇ ಹಸಿರಿನಿಂದ ತಿಳಿಯುತ್ತದೆ. ದುಡಿಯುತ್ತಿದೆಯೇ ಎಂಬುದು ತಿಳಿಯುವುದಿಲ್ಲ. ನಾಳೆ ಕಿರ್4.1ಕ್ಕೆ ಬಣ್ಣ ಕಟ್ಟಬೇಕು. ಪ್ರತಿಕಾಯದ ಸೀಸೆಯನ್ನು ಈಗಲೇ ಫ್ರಿಜ್ಜಿನ ಮುಂದಿನ ಸಾಲಿಗೆ ತಂದಿಟ್ಟು ಬಂದಿದ್ದೇನೆ.