ಬಕೆಟ್ಟು, ಬೌಲು ಮತ್ತು ಆರರ ಲೆಕ್ಕ

ಹಳೆಯ ವಿದ್ಯಾರ್ಥಿಗಳು ಏನಾದರೂ ಬರೆದುಕೊಡಿ ಅಂತ ಮ್ಯಾಗಜಿನ್‌ನ ಹುಡುಗರು ಮೆಸೇಜ್ ಮಾಡಿದ್ದರು. ಹಾಸ್ಟೆಲ್ ಸಾಂಬಾರು, ಕ್ಯಾಂಟೀನ್ ಬಾಕಿ, ಕೊನೆಯ ಬೆಂಚು, ಇದನ್ನೆಲ್ಲ ನನ್ನ ಬ್ಯಾಚ್‌ನವರು ಆಗಲೇ ಬರೆದು ಮುಗಿಸಿದ್ದಾರೆ. ಹಾಗಾಗಿ ಇಲ್ಲಿಂದ ಹೋದ ಮೇಲೆ ನಾನು ಓದಿದ ಇನ್ನೊಂದು ಕಾಲೇಜಿನ ಕತೆ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

2016ರ ಆಗಸ್ಟ್‌ನಲ್ಲಿ ಎಂಎಸ್ ಮಾಡಲು ಅಮೆರಿಕದ ಪರ್ಡ್ಯೂ ಯೂನಿವರ್ಸಿಟಿಗೆ ಹೋದೆ. ಇಂಡಿಯಾನಾ ರಾಜ್ಯದ ವೆಸ್ಟ್ ಲಫಾಯೆಟ್ ಅನ್ನುವ ಸಣ್ಣ ಊರು. ಊರು ದಾಟಿದರೆ ಬರೀ ಜೋಳ, ಸೋಯಾ. ನೀಲ್ ಆರ್ಮ್‌ಸ್ಟ್ರಾಂಗ್ ಓದಿದ್ದು ಅಲ್ಲೇ. ಈ ಮಾತನ್ನು ನಮ್ಮ ಬೀದಿಗೆಲ್ಲ ಹೇಳಿ ಹೊರಟಿದ್ದೆ. ಅಲ್ಲಿನ ಫುಟ್‌ಬಾಲ್ ತಂಡದ ಬಗ್ಗೆ ಮಾತ್ರ ನನಗೆ ಯಾರೂ ಹೇಳಿರಲಿಲ್ಲ. ಹೇಳುವಂಥದ್ದೂ ಇರಲಿಲ್ಲ ಬಿಡಿ. 2013ರಿಂದ 2016ರವರೆಗೆ, ನಾಲ್ಕು ವರ್ಷಕ್ಕೆ ಸೇರಿ ಗೆದ್ದಿದ್ದು 9 ಮ್ಯಾಚ್, ಸೋತಿದ್ದು 39.

ಅದು ನಮ್ಮ ಫುಟ್‌ಬಾಲ್ ಅಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ನಾಲ್ಕು ಸಲದೊಳಗೆ ಹತ್ತು ಗಜ ಮುಂದೆ ಹೋಗಬೇಕು. ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದು ಪಕ್ಕದ ಸೀಟಿನವರು ಹೇಳಿಕೊಡುತ್ತಾರೆ. ಒಂದು ಸೀಸನ್‌ನಲ್ಲಿ 12 ಮ್ಯಾಚ್. ಅದರಲ್ಲಿ 6 ಗೆದ್ದರೆ ಡಿಸೆಂಬರ್-ಜನವರಿಯಲ್ಲಿ 'ಬೌಲ್' ಎಂಬ ಇನ್ನೊಂದು ಮ್ಯಾಚ್ ಆಡಲು ಅರ್ಹತೆ. ಅಂಥ ಬೌಲ್‌ಗಳು ದೇಶದಲ್ಲಿ ಸುಮಾರು 40 ಇವೆ. ಅಂದರೆ ಇದು ರ್‍ಯಾಂಕ್ ಅಲ್ಲ, ಜಸ್ಟ್ ಪಾಸ್. ಇನ್ನೊಂದು ತಮಾಷೆ ಕೇಳಿ. 2015ರಲ್ಲಿ ಆರು ಗೆದ್ದ ತಂಡಗಳೇ ಸಾಲಲಿಲ್ಲ. ಆಗ ಐದೇ ಗೆದ್ದಿದ್ದ ಮೂರು ತಂಡಗಳನ್ನು, ಆಟಗಾರರ ಓದು ಹೇಗಿದೆ ಅಂತ ನೋಡಿ ಸೇರಿಸಿಕೊಂಡರು. ನಮ್ಮಲ್ಲಿ ಆಟಗಾರರಿಗೆ ಗ್ರೇಸ್ ಮಾರ್ಕ್ಸ್, ಅಲ್ಲಿ ಓದುವವರಿಗೆ ಗ್ರೇಸ್ ಮ್ಯಾಚ್!

ಜಸ್ಟ್ ಪಾಸ್ ಆದರೂ ಅದಕ್ಕೆ ಬೆಲೆ ಇತ್ತು. ಬೌಲ್ ಸಿಕ್ಕಿದ ತಂಡಕ್ಕೆ ಡಿಸೆಂಬರ್‌ನಲ್ಲಿ ಹದಿನೈದರಷ್ಟು ಪ್ರ್ಯಾಕ್ಟಿಸ್ ಜಾಸ್ತಿ ಸಿಗುತ್ತದೆ. ಹೊಸ ಹುಡುಗರು ಅಲ್ಲೇ ತಯಾರಾಗುತ್ತಾರೆ. ಸಿಗದವರು ಇನ್ನೂ ಹಿಂದೆ ಬೀಳುತ್ತಾರೆ. ಪರ್ಡ್ಯೂ 2012ರ ಸೀಸನ್ ಆದಮೇಲೆ ಬೌಲ್‌ನ ಮುಖವನ್ನೇ ನೋಡಿರಲಿಲ್ಲ.

2017ರಲ್ಲಿ ಜೆಫ್ ಬ್ರೋಮ್ ಅಂತ ಹೊಸ ಕೋಚ್ ಬಂದರು. ನಮ್ಮ ಅಡುಗೆಮನೆಯಲ್ಲಿ ಅಮ್ಮ ಕಳಿಸಿದ್ದ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇತ್ತು. ಶನಿವಾರದ ಚೌಕದಲ್ಲಿ ತಿಥಿ, ನಕ್ಷತ್ರದ ಪಕ್ಕ ನನ್ನ ಪೆನ್ಸಿಲ್‌ನ ಗುರುತು: ಗೆದ್ದರೆ ರೈಟು, ಸೋತರೆ ಇಂಟು. ದಾವಣಗೆರೆಯ ರೂಮ್‌ಮೇಟ್ ದಿನಾ ನಗುತ್ತಿದ್ದ. ಅವನಿಗೇನು ಗೊತ್ತು? ನಾನು ಆರ್‌ಸಿಬಿ ಕಡೆಯವನು. 2016ರ ಮೇ ತಿಂಗಳ ಫೈನಲ್‌ನಲ್ಲಿ 8 ರನ್‌ನಿಂದ ಸೋತ ಗಾಯ ಆರುವ ಮೊದಲೇ ವಿಮಾನ ಹತ್ತಿದವನು. ಉಳಿದಿದ್ದು ಎಷ್ಟು, ಗೆಲ್ಲಬೇಕಾದ್ದು ಎಷ್ಟು ಎಂಬ ಲೆಕ್ಕ ನಮಗೆ ಯಾರೂ ಕಲಿಸಬೇಕಾಗಿಲ್ಲ, ಅಲ್ವಾ?

ಅಕ್ಟೋಬರ್ ಬರೀ ಹೊಟ್ಟೆ ಉರಿ. ರಟ್ಗರ್ಸ್ ವಿರುದ್ಧ 12-14. ಅದರ ಮುಂದಿನ ವಾರ ನೆಬ್ರಾಸ್ಕಾ ನಮ್ಮೂರಿಗೇ ಬಂತು. ನಾನು ರಾಸ್-ಏಡ್ ಸ್ಟೇಡಿಯಂನಲ್ಲಿದ್ದೆ. 24-12 ಮುಂದಿದ್ದೆವು. ಕೊನೆಗೆ 14 ಸೆಕೆಂಡ್ ಉಳಿದಿರುವಾಗ ಅವರು ಟಚ್‌ಡೌನ್ ಹೊಡೆದರು, ಅಂದರೆ ಚೆಂಡನ್ನು ನಮ್ಮ ಕೊನೆಯ ಗೆರೆ ದಾಟಿಸಿದರು. 24-25. ಒಂದೇ ಒಂದು ಪಾಯಿಂಟ್. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಕಂಬಳಿ ಮಡಚಿಕೊಂಡು ಎದ್ದರು. 'ಇದೇನು ಹೊಸದಲ್ಲ ಮಗನೇ' ಅನ್ನುವ ಹಾಗೆ ನನ್ನ ಭುಜ ತಟ್ಟಿ ಹೋದರು. ಕ್ಯಾಲೆಂಡರ್‌ನಲ್ಲಿ ಮೂರು ರೈಟು, ಐದು ಇಂಟು.

ನವೆಂಬರ್‌ನಲ್ಲಿ ಇಲಿನಾಯ್ಸ್ ಮೇಲೆ ಗೆದ್ದೆವು, ಆದರೆ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವ ಮುಖ್ಯ ಆಟಗಾರ, ಡೇವಿಡ್ ಬ್ಲೌ ಪಾದದ ಕೀಲು ತಪ್ಪಿ ಹೊರಗೆ ಕೂತ. ನಾರ್ತ್‌ವೆಸ್ಟರ್ನ್ ಮೇಲೆ ಸೋತೆವು. ನಾಲ್ಕು ಗೆಲುವು, ಆರು ಸೋಲು. ಉಳಿದಿದ್ದು ಎರಡು, ಎರಡನ್ನೂ ಗೆಲ್ಲಲೇಬೇಕು. ಮೊದಲನೆಯದು ಅಯೊವಾದಲ್ಲಿ. ಆ ತಿಂಗಳ ಶುರುವಿನಲ್ಲಿ ಅದೇ ಅಯೊವಾ ಬಲಾಢ್ಯ ಓಹಾಯೊ ಸ್ಟೇಟ್ ತಂಡಕ್ಕೆ 55 ಪಾಯಿಂಟ್ ಬಾರಿಸಿತ್ತು. ಲ್ಯಾಬ್‌ನಲ್ಲಿ ಸಿಮ್ಯುಲೇಶನ್ ಓಡಲು ಬಿಟ್ಟು ಲ್ಯಾಪ್‌ಟಾಪ್‌ನಲ್ಲಿ ಮ್ಯಾಚ್ ನೋಡಿದೆ. ಪ್ಯಾರಿಸ್ ಹುಡುಗ ಆಂಟನಿ ಮಹೂಂಗೂ ಎರಡು ಟಚ್‌ಡೌನ್ ಹಿಡಿದ. 24-15! ಸಿಮ್ಯುಲೇಶನ್ ಯಾವಾಗಲೋ ಕೈಕೊಟ್ಟಿತ್ತು. ಗೈಡ್‌ಗೆ ಇವತ್ತಿಗೂ ಕಾರಣ ಹೇಳಿಲ್ಲ.

ಕೊನೆಯ ಮ್ಯಾಚ್ ಇಂಡಿಯಾನಾ ಯೂನಿವರ್ಸಿಟಿ ಜೊತೆ. ಈ ಎರಡು ಕಾಲೇಜು 1925ರಿಂದ ಒಂದು ಹಳೇ ಓಕ್ ಮರದ ಬಕೆಟ್‌ಗಾಗಿ ಆಡುತ್ತವೆ. ಗೆದ್ದವರ ಅಕ್ಷರ ಅದರ ಸರಪಳಿಗೆ ಸೇರುತ್ತದೆ. ಮೊದಲ ವರ್ಷ 0-0 ಆಗಿದ್ದರಿಂದ ಮೊದಲ ಕೊಂಡಿಯಲ್ಲಿ ಇಬ್ಬರ ಅಕ್ಷರವೂ ಇದೆ. ಹಿಂದಿನ ನಾಲ್ಕು ವರ್ಷ ಬಕೆಟ್ ಅವರ ಮನೆಯಲ್ಲೇ ಇತ್ತು. ಆ ಸಲದ ವಿಶೇಷ ಅಂದರೆ ಅವರದ್ದೂ ಐದು-ಆರು, ನಮ್ಮದೂ ಐದು-ಆರು. ಗೆದ್ದವರಿಗೆ ಬೌಲ್, ಸೋತವರು ಮನೆಗೆ.

ಫೋನಿನಲ್ಲಿ ಅಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಬಕೆಟ್‌ಗೆ ಜಗಳ, ಬೌಲ್‌ಗೆ ಆಸೆ. ಅದೇನು ಕಾಲೇಜೋ, ಪಾತ್ರೆ ಅಂಗಡಿಯೋ?" ಅಂದರು.

ನವೆಂಬರ್ 25, ಥ್ಯಾಂಕ್ಸ್‌ಗಿವಿಂಗ್ ರಜೆಯ ಶನಿವಾರ. ಅಲ್ಲಿನ ಹುಡುಗರೆಲ್ಲ ಊರಿಗೆ ಹೋಗಿದ್ದರು. ಹೋಗಲು ಊರಿಲ್ಲದ ನಾವು ಹಿಂದಿನ ದಿನ ಬ್ಲ್ಯಾಕ್ ಫ್ರೈಡೇಯಲ್ಲಿ ಅರ್ಧ ಬೆಲೆಗೆ ತಂದ ಜಾಕೆಟ್ ಹಾಕಿಕೊಂಡು ಹೋದೆವು. ನನ್ನದರ ತೋಳಿನಲ್ಲಿ ಬೆಲೆಚೀಟಿ ಹಾಗೇ ನೇತಾಡುತ್ತಿತ್ತು. ಕೀಳಲು ಮನಸ್ಸಾಗಲಿಲ್ಲ, ಅದನ್ನೇ ತಿರುಗಿಸುತ್ತಾ ಕೂತಿದ್ದೆ. ಮಾರ್ಕೆಲ್ ಜೋನ್ಸ್ ಒಬ್ಬನೇ 200 ಗಜಕ್ಕಿಂತ ಜಾಸ್ತಿ ಓಡಿದ. 31-24ಕ್ಕೆ ಮುಗಿದಾಗ ಚೀಟಿ ನನ್ನ ಕೈಯಲ್ಲಿ ಪುಡಿಪುಡಿ. ದಾವಣಗೆರೆಯವನು ಯಾರೋ ಗುರುತಿಲ್ಲದವನನ್ನು ತಬ್ಬಿಕೊಂಡಿದ್ದ. ರಾತ್ರಿ ರೂಮಿಗೆ ಬಂದು ಆರನೇ ರೈಟು ಹಾಕಿದ್ದು ಅವನೇ. ನಗಲಿಲ್ಲ.

ಬೌಲ್ ಯಾವುದು ಸಿಕ್ಕಿತು ಗೊತ್ತಾ? ಕೋಳಿ ಮಾಂಸ ಮಾರುವ ಕಂಪನಿಯ ಹೆಸರಿನ ಫಾಸ್ಟರ್ ಫಾರ್ಮ್ಸ್ ಬೌಲ್. ಡಿಸೆಂಬರ್ 27, ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ, ಅರಿಜೋನಾ ಜೊತೆ. ಅಕ್ಕನ ಮನೆ ಇರುವುದು ಪಕ್ಕದ ಸನ್ನಿವೇಲ್‌ನಲ್ಲಿ! ರಜೆಗೆ ಅಲ್ಲಿಗೇ ಹೊರಟಿದ್ದೆ. ಹುಡುಕುತ್ತಿದ್ದ ಬಳ್ಳಿ ಕಾಲಿಗೇ ತೊಡರಿತು. ಭಾವನನ್ನೂ ಎಳೆದುಕೊಂಡು ಹೋದೆ. ಲೀವೈಸ್ ಸ್ಟೇಡಿಯಂ ಪಾರ್ಕಿಂಗ್‌ನಲ್ಲಿ ಸುತ್ತಮುತ್ತ ಎಲ್ಲರೂ ಮಾಂಸ ಸುಡುತ್ತಿದ್ದರು. ನಾವು ಡಿಕ್ಕಿ ತೆಗೆದು ಸ್ಟೀಲ್ ಡಬ್ಬಿಯ ಪುಳಿಯೋಗರೆ ತಿಂದೆವು.

"ಆರು ಗೆದ್ದು ಆರು ಸೋತವರಿಗೆ ಇಷ್ಟು ಮರ್ಯಾದೆಯಾ?" ಅಂತ ಭಾವ ಕೇಳಿದರು. ಕೋಪ ಬಂತು. ಉತ್ತರ ಇರಲಿಲ್ಲ.

ಸ್ಟೇಡಿಯಂನಲ್ಲಿ ಖಾಲಿ ಸೀಟೇ ಜಾಸ್ತಿ. ಅರ್ಧ ಆಟಕ್ಕೆ 31-14 ನಮ್ಮ ಕಡೆ. ಆಮೇಲೆ ಅರಿಜೋನಾ ಬಿಡಲಿಲ್ಲ, 35-31 ಮಾಡಿತು. ನೆಬ್ರಾಸ್ಕಾ ಮ್ಯಾಚಿನ ಅಜ್ಜಿ ಕಣ್ಣ ಮುಂದೆ ಬಂದರು. ಎರಡು ನಿಮಿಷವೂ ಇಲ್ಲದಾಗ ಬ್ಲೌ ಜಾಗದಲ್ಲಿ ಆಡುತ್ತಿದ್ದ ಎಲೈಜಾ ಸಿಂಡೆಲಾರ್ ಉದ್ದಕ್ಕೆ ಎಸೆದ. ಪ್ಯಾರಿಸ್ ಹುಡುಗ ಹಿಡಿದ. 38-35. ಸಿಂಡೆಲಾರ್‌ನ ಮೊಣಕಾಲಿನ ಲಿಗಮೆಂಟ್ ಹರಿದಿತ್ತು, ಕೊನೆಯ ಮೂರು ಮ್ಯಾಚ್ ಹಾಗೇ ಆಡಿದ ಅಂತ ಆಮೇಲೆ ಗೊತ್ತಾಯಿತು. ಭಾವ ಕುರ್ಚಿ ಮೇಲೆ ಹತ್ತಿ ನಿಂತಿದ್ದರು.

ಪಾರ್ಕಿಂಗ್‌ನಿಂದಲೇ ಊರಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗ್ಗೆ.

"ಬೌಲ್ ಸಿಕ್ತೇನೋ?" ಅಮ್ಮ ಕೇಳಿದರು.

"ಸಿಕ್ತು. ಬಕೆಟ್ಟೂ ನಮ್ದೇ."

ಹಿಂದಿನಿಂದ ಅಪ್ಪನ ದನಿ ಕೇಳಿಸಿತು. "ಚೊಂಬು ಹೇಗೂ ಆರ್‌ಸಿಬಿ ಹತ್ರ ಇದೆ. ಸೆಟ್ ಪೂರ್ತಿ ಆಯ್ತು ಬಿಡು."