ಬರಲೊಲ್ಲದ ಎಡ ಕ್ರ್ಯಾಂಕ್

ತಮ್ಮನ ಮೌಂಟನ್ ಬೈಕ್ ಸಕಲೇಶಪುರದ ಮಳೆ, ಕೆಸರಿನಲ್ಲಿ ಓಡಿದ್ದು. ಹಳೆಯ ಸ್ಕ್ವೇರ್ ಟೇಪರ್ ಆಕ್ಸಲ್, ಅಂದರೆ ಪೆಡಲ್ ತೋಳುಗಳು (ಕ್ರ್ಯಾಂಕ್‌ಗಳು) ಕೂರುವ ಚೌಕ ತುದಿಯ ದಂಡ. ಹಿಂದೆ ಯಾರೋ ಕ್ರ್ಯಾಂಕ್ ಕಳಚುವ ಪುಲ್ಲರ್ ಅನ್ನು ಅರ್ಧಕ್ಕೇ ತಿರುಗಿಸಿ ಎಳೆದಿದ್ದರು. ಎಡ ಕ್ರ್ಯಾಂಕ್‌ನ ಥ್ರೆಡ್ ಪೂರ್ತಿ ಸವೆದಿತ್ತು. ಒಳ್ಳೆ ಸಾಮಾನನ್ನು ಹೀಗೆ ಕೆಡಿಸುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಈ ಆಕ್ಸಲ್‌ನ ಚೌಕ ತುದಿಗೆ ಹೋದಂತೆ ಸಣ್ಣಗಾಗುತ್ತದೆ. ಬೋಲ್ಟ್ ಬಿಗಿದಷ್ಟೂ ಕ್ರ್ಯಾಂಕ್ ಬೆಣೆಯ ಹಾಗೆ ಕಚ್ಚಿಕೊಳ್ಳುತ್ತದೆ. ಅದಕ್ಕೇ ಬೋಲ್ಟ್ ತೆಗೆದರೂ ಕೈಗೆ ಬರಲ್ಲ. ಪುಲ್ಲರ್ ಹಾಕುವ ಮೊದಲು ಟಾರ್ಚ್ ಬಿಟ್ಟು ನೋಡಿ, ವಾಷರ್ ಒಳಗೇ ಉಳಿದಿರುತ್ತದೆ ಎಷ್ಟೋ ಸಲ. ಆಮೇಲೆ ಕ್ರ್ಯಾಂಕ್‌ನ 22 ಮಿ.ಮೀ. ಥ್ರೆಡ್ ಒರೆಸಿ, ಪುಲ್ಲರ್ ಅನ್ನು ಕೊನೆವರೆಗೂ ಕೂರಿಸಿ.

ಥ್ರೆಡ್ಡೇ ಇಲ್ಲದಿದ್ದರೆ? ಮೋಟಾರ್ ಗ್ಯಾರೇಜಿನ ಎರಡು ಕಾಲಿನ ಗೇರ್ ಪುಲ್ಲರ್ ತಂದೆ. ಎಡಗಡೆ ಚೈನ್‌ರಿಂಗ್ (ಚೈನ್ ಓಡುವ ಹಲ್ಲಿನ ಚಕ್ರ) ಇರಲ್ಲ ಅಲ್ವಾ, ಕಾಲುಗಳು ಕ್ರ್ಯಾಂಕ್ ಹಿಂದೆ ಸಲೀಸಾಗಿ ಹಿಡಿಯುತ್ತವೆ. ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆ. ಬೆಳಿಗ್ಗೆ ಹೀಟ್ ಗನ್‌ನಿಂದ ಹದವಾಗಿ ಬಿಸಿ ಮಾಡಿದೆ. ಉಕ್ಕಿಗಿಂತ ಅಲ್ಯೂಮಿನಿಯಂ ಜಾಸ್ತಿ ಹಿಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಸ್ವಲ್ಪ ಸ್ವಲ್ಪವೇ ತಿರುಗಿಸಿದೆ. ಟಪ್ ಅಂತ ಬಂತು!

ಗೇರ್ ಪುಲ್ಲರ್ ಸಿಗದಿದ್ದರೆ ಬೋಲ್ಟ್ ಸ್ವಲ್ಪ ಸಡಿಲಿಸಿ, ಮನೆ ಹತ್ತಿರವೇ ನಿಧಾನವಾಗಿ ತುಳಿಯಿರಿ. ತಾನಾಗೇ ಕಳಚಿಕೊಳ್ಳುತ್ತದೆ. ಆದರೆ ಚೌಕದ ತೂತು ಹಾಳಾಗುತ್ತದೆ, ಆ ಕ್ರ್ಯಾಂಕ್ ಗುಜರಿಗೇ. ಸುತ್ತಿಗೆ ಮಾತ್ರ ಬೇಡ, ಬೇರಿಂಗ್ ಹೋಗುತ್ತದೆ.

ತಮ್ಮನಿಗೆ ಹೊಸ ಎಡ ಕ್ರ್ಯಾಂಕ್ ತರಿಸಿದ್ದೇನೆ. ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಲ್ಲಿ 40 ನ್ಯೂಟನ್ ಮೀಟರ್‌ಗೆ ಬಿಗಿದು ಕೊಡುತ್ತೇನೆ.